ಕಂಪನಿಯವನಿಗಿಲ್ಲದ ಸೋಮವಾರ

ಅರಸೀಕೆರೆ
13 ಜೂನ್ 2025, ಶುಕ್ರವಾರ

ರಮಾ,

ನನ್ನ ನಂಬರನ್ನು ನೀನು ಬ್ಲಾಕ್ ಮಾಡಿದ್ದೀಯ. ಮೊದಲು ನೆಟ್‌ವರ್ಕ್ ಸರಿಯಿಲ್ಲವೇನೋ ಎಂದುಕೊಂಡೆ. ಆಮೇಲೆ ಶರತ್ ಫೋನಿನಿಂದ ಮಾಡಿದೆ. ನೀನು ಎತ್ತಿದೆ, ನನ್ನ ದನಿ ಕೇಳಿದ ಕೂಡಲೇ ಇಟ್ಟುಬಿಟ್ಟೆ. ಗಂಡನ ಎದುರಿಗೆ ನನ್ನ ಮುಖ ಎಲ್ಲಿಟ್ಟುಕೊಳ್ಳಲಿ ಹೇಳು? ಅದಕ್ಕೇ ನಿನ್ನ ಕಾಲೇಜಿನ ವಿಳಾಸಕ್ಕೆ ಈ ಕಾಗದ. ಫೋನನ್ನು ಅರ್ಧಕ್ಕೆ ಕಟ್ ಮಾಡಬಹುದು, ಕಾಗದವನ್ನು ಹಾಗೆ ಮಾಡಲಾಗುವುದಿಲ್ಲ. ಹರಿದು ಹಾಕುತ್ತೀಯೇನೋ, ಆದರೆ ಹರಿಯುವ ಮೊದಲು ಓದೇ ಓದುತ್ತೀಯ. ನಿನ್ನ ಕುತೂಹಲ ನನಗೆ ಗೊತ್ತಿಲ್ಲದ್ದೇ?

ಹಾಸನದ ಹಾಸ್ಟೆಲ್ಲಿನಲ್ಲಿ ಮೂರು ವರ್ಷ ಒಂದೇ ರೂಮಿನಲ್ಲಿದ್ದವರು ನಾವು. ಹೀಗೆ ಮುಖ ತಿರುಗಿಸುವಂಥದ್ದು ಏನಾಯಿತು? ಆ ದಿನ ನೀನು ಬಾಣಾವರದಲ್ಲಿ ನಿಮ್ಮ ಮಾರಮ್ಮತ್ತೆಯನ್ನು ನೋಡಿಕೊಂಡು ನಮ್ಮ ಕೊಬ್ಬರಿ ಮಂಡಿಗೆ ಬಂದೆ. ಸೋಮವಾರ, ಮಂಡಿಗೆ ರಜೆ, ಆಳುಗಳೂ ಇರಲಿಲ್ಲ. ಲೆಕ್ಕ, ಟೆಂಡರು ಎಲ್ಲ ಈಗ ನಾನೇ ನೋಡುತ್ತೇನೆ ಎಂದು ನಿನಗೆ ತೋರಿಸುವ ಹೆಮ್ಮೆಯಲ್ಲಿ ಕಂಪ್ಯೂಟರ್ ಹಾಕಿದೆ. ಮೂಲೆಯಲ್ಲಿ ಒಂದು ಸಣ್ಣ ಸೂಚನೆ ಕಂಡು, “ಅಪ್‌ಡೇಟೇ ಮಾಡಿಲ್ಲವಲ್ಲೇ ಎಷ್ಟೋ ಕಾಲದಿಂದ, ರಾತ್ರಿಯಿಡೀ ಬಾಗಿಲು ತೆಗೆದಿಟ್ಟು ಮಲಗಿದ ಹಾಗೆ ಇದು” ಎಂದು ನೀನು ಕುರ್ಚಿ ಎಳೆದುಕೊಂಡು ಮೌಸಿಗೆ ಕೈ ಹಾಕಿದೆ. ಅಷ್ಟರಲ್ಲಿ ನಮ್ಮ ಮಾವನವರು ಒಳಗೆ ಬಂದರು. “ಇವತ್ತು ಸೋಮವಾರ ಕಣವ್ವ, ಮಿಷನ್ ಮುಟ್ಟಂಗಿಲ್ಲ” ಅಂದರು. ಅಷ್ಟೇ ತಾನೆ? ನೀನು ಕಾಫಿಯನ್ನು ಹಾಗೇ ಬಿಟ್ಟು ಎದ್ದು ಹೋದೆ. ಸಂಜೆ ನಾನು “ಇಷ್ಟಕ್ಕೆಲ್ಲ ಮುನಿಸಾ?” ಎಂದು ನಗುವ ಮುಖ ಹಾಕಿ ಕಳಿಸಿದ್ದಕ್ಕೆ ಬ್ಲಾಕ್.

ಇರಲಿ, ಈಗ ಬರೆಯುತ್ತಿರುವುದು ಬೇರೆ ಕಾರಣಕ್ಕೆ. ನಿನ್ನೆ ನಾನು ಕೊಬ್ಬರಿ ಧಾರಣೆ ನೋಡುತ್ತಿದ್ದಾಗ ಇದ್ದಕ್ಕಿದ್ದಂತೆ ಇಡೀ ಪರದೆ ಕೆಂಪಾಯಿತು. ಆಂಬುಲೆನ್ಸಿನ ಥರ ಕೂಗು. ಒಬ್ಬ ಹೆಂಗಸು ಇಂಗ್ಲಿಷಿನಲ್ಲಿ, ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ, ಆರಿಸಬೇಡಿ, ಈಗಲೇ ಈ ನಂಬರಿಗೆ ಫೋನ್ ಮಾಡಿ ಎಂದು ಒಂದೇ ಸಮನೆ ಹೇಳುತ್ತಿದ್ದಳು. ಕಂಪನಿಯ ಗುರುತೂ ಇತ್ತು. ನಾವು ಯಾರೂ ಏನೂ ಮಾಡಿಲ್ಲ. ಮಾವನವರು ಅದರ ಮೇಲೆ ಟವೆಲ್ ಹೊದಿಸಿ ಇಟ್ಟಿದ್ದಾರೆ. ನಮಗೆ ಕೊಬ್ಬರಿ ಹಾಕುವ ಅಷ್ಟೂ ಬೆಳೆಗಾರರ ಹೆಸರು, ಲೆಕ್ಕ ಅದರಲ್ಲೇ ಇದೆ. ಆ ಎಚ್ಚರಿಕೆ ನಿಜವೋ ಸುಳ್ಳೋ, ನೀನು ದಿನಾ ಮಕ್ಕಳಿಗೆ ಕಂಪ್ಯೂಟರ್ ಪಾಠ ಮಾಡುವವಳು, ಹೇಳು.

ಸಿಟ್ಟಿದ್ದರೆ ಇರಲಿ, ಉತ್ತರ ಬರೆ.

ಹೇಮಲತಾ

*

ಬೇಲೂರು
17 ಜೂನ್ 2025

ಹೇಮಾ,

ಓದಿದೆ. ಹರಿಯಲಿಲ್ಲ.

ಮೊದಲು ಕಂಪ್ಯೂಟರಿನ ವಿಷಯ, ಯಾಕೆಂದರೆ ಅದರದ್ದೇನೂ ತಪ್ಪಿಲ್ಲ. ಆ ಕೆಂಪು ಪರದೆ ಹಸಿ ಸುಳ್ಳು. ನಿಜವಾದ ಎಚ್ಚರಿಕೆ ಬೊಬ್ಬೆ ಹೊಡೆಯುವುದಿಲ್ಲ, ಫೋನ್ ನಂಬರ್ ಕೊಡುವುದಿಲ್ಲ, ಈಗಲೇ ಈ ಗಳಿಗೆಯೇ ಎಂದು ಕುತ್ತಿಗೆ ಪಟ್ಟಿ ಹಿಡಿಯುವುದಿಲ್ಲ. ಅದು ಯಾವುದೋ ವೆಬ್‌ಸೈಟಿನ ಒಂದು ಪುಟ, ಅಷ್ಟೇ. ಗುರುತು ಯಾರು ಬೇಕಾದರೂ ಅಂಟಿಸಬಹುದು. ಬ್ರೌಸರ್ ಮುಚ್ಚು. ಮುಚ್ಚಲು ಬಿಡದಿದ್ದರೆ ಪವರ್ ಬಟನ್ನನ್ನು ಆರುವವರೆಗೆ ಒತ್ತಿ ಹಿಡಿ. ಮತ್ತೆ ಹಾಕಿದಾಗ ಹಳೆಯ ಪುಟ ತೆರೆಯಲೇ ಎಂದು ಕೇಳಿದರೆ ಬೇಡ ಅನ್ನು. ಆಮೇಲೆ ನೀನೇ ಸೆಟ್ಟಿಂಗ್ಸ್ ಒಳಗೆ ಹೋಗಿ, ಅಪ್‌ಡೇಟ್ ಎಂದಿರುವ ಕಡೆ ಹುಡುಕಿಸು, ಬಂದದ್ದನ್ನೆಲ್ಲ ಹಾಕಿಸು. ನಿಜವೋ ಸುಳ್ಳೋ ಎಂಬ ಅನುಮಾನ ಬಂದಾಗಲೆಲ್ಲ ಹೀಗೇ ಮಾಡು: ಅದಾಗಿ ಬಂದು ಬಾಗಿಲು ತಟ್ಟಿದ್ದನ್ನು ಒತ್ತಬೇಡ, ನೀನಾಗಿ ಒಳಗೆ ಹೋಗಿ ನೋಡು. ಆ ನಂಬರಿಗೆ ಮಾತ್ರ ಯಾರೂ ಫೋನ್ ಮಾಡಕೂಡದು. ಟವೆಲ್ ಹೊದಿಸಿದ್ದಾರಂತೆ! ಅದಕ್ಕೇನು ಚಳಿಜ್ವರವೇ?

ನಾನು ಆ ದಿನ ಮೂಲೆಯಲ್ಲಿ ತೋರಿಸಿದೆನಲ್ಲ, ಗಲಾಟೆ ಮಾಡದೆ ಕೂತಿದ್ದ ಸಣ್ಣ ಸೂಚನೆ, ಅದು ನಿಜವಾದದ್ದು.

ಈಗ ನನ್ನ ವಿಷಯ. “ಅಷ್ಟೇ ತಾನೆ” ಎಂದು ಬರೆದಿದ್ದೀಯ. ಅಷ್ಟೇ ಅಲ್ಲ. ನಿಮ್ಮ ಮಾವನವರು ಮೊದಲು ಅಂದದ್ದು, “ಬ್ಯಾಡ ಬ್ಯಾಡ, ನೀನ್ ಮುಟ್ಬ್ಯಾಡ” ಎಂದು. ಆಮೇಲೆ ನನ್ನ ಮುಖ ನೋಡಿದರು, ನಿನ್ನ ಮುಖ ನೋಡಿದರು, ಸೋಮವಾರ ಆಮೇಲೆ ಬಂತು. ಅದಕ್ಕೆ ಮುಂಚೆ ಹತ್ತು ನಿಮಿಷ ನೀನು ಅದೇ ಮೌಸ್ ಹಿಡಿದು ನನಗೆ ಲೆಕ್ಕ ತೋರಿಸುತ್ತಿದ್ದೆ. ನಿನ್ನ ಕೈಗೆ ಇಲ್ಲದ ವಾರ ನನ್ನ ಕೈಗೆ ಮಾತ್ರ ಎಲ್ಲಿಂದ ಬಂತು? ಅವರು ನನ್ನ ಕೈ ನೋಡಿದರು ಹೇಮಾ, ಕ್ಯಾಲೆಂಡರ್ ನೋಡಲಿಲ್ಲ. ನೀನು ನೆಲ ನೋಡಿದೆ.

ಸಂಜೆ ನಗುವ ಮುಖ ಕಳಿಸಿದೆಯಲ್ಲ, ನನಗೆ ಉರಿದದ್ದು ಅದಕ್ಕೆ. ಮಾವನವರದ್ದು ನನಗೆ ಹೊಸತಲ್ಲ. ಅಂಥದ್ದು ನಮ್ಮೂರು ಹುಲಿಕೆರೆಯಲ್ಲಿ ಹುಟ್ಟಿದಂದಿನಿಂದ ಕಂಡಿದ್ದೇನೆ. ನಿನ್ನ ನಗು ಹೊಸತು.

ಕಂಪ್ಯೂಟರಿಗೆ ಬೇಕಾದದ್ದು ಬರೆದಿದ್ದೇನೆ. ಬೇರೆ ಏನೂ ಬರೆಯುವ ಮನಸ್ಸಿಲ್ಲ.

ರಮಾ

*

ಅರಸೀಕೆರೆ
21 ಜೂನ್ 2025

ರಮಾ,

ನಿನ್ನ ಕಾಗದ ಓದಿ ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಒಂದು ಮನೆತನದ ಪದ್ಧತಿಗೆ ಇಷ್ಟು ಕೆಟ್ಟ ಅರ್ಥ ಹಚ್ಚುವುದೆಂದರೇನು?

ಕೇಳು. ನಮ್ಮ ಮನೆಯಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುತ್ತಿರಲಿಲ್ಲ. ಬಸವಣ್ಣ ಅದು, ವಾರಕ್ಕೊಂದು ದಿನ ಮೈ ತೊಳೆದು, ಹಣೆಗೆ ವಿಭೂತಿ ಇಟ್ಟು, ಸುಮ್ಮನೆ ಮೇಯಲು ಬಿಡುತ್ತಿದ್ದರು. ಎತ್ತು ಹೋಗಿ ಟಿಲ್ಲರ್ ಬಂತು, ಟಿಲ್ಲರಿಗೂ ಸೋಮವಾರ ರಜೆ. ಮಂಡಿಯಲ್ಲಿ ತಕ್ಕಡಿ ಎತ್ತಿಡುತ್ತಾರೆ. ಕಂಪ್ಯೂಟರ್ ತಂದಾಗ ಮಾವನವರು ಅದಕ್ಕೂ ವಿಭೂತಿ ಹಚ್ಚಿ, “ದುಡಿಯೋದು ಯಾವುದಾದ್ರೇನು, ಒಂದು ದಿನ ಉಸಿರಾಡ್ಲಿ” ಅಂದರು. ನನಗೆ ಅದು ಚೆಂದ ಕಂಡಿತ್ತು. ಪ್ರತಿ ಭಾನುವಾರ ಸಂಜೆ ಮೈನ್ ಸ್ವಿಚ್ಚೇ ಆರಿಸುತ್ತಾರೆ. ಆ ದಿನ ನಾನು ಹಾಕಿದ್ದನ್ನು ನೋಡಿದ್ದರೆ ನನಗೂ ಬೈಯುತ್ತಿದ್ದರು. ಬಂದಾಗ ಅವರ ಕಣ್ಣಿಗೆ ಬಿದ್ದವಳು ನೀನು, ಅದಕ್ಕೆ ನಿನಗೆ ಹೇಳಿದರು. ಮಠದ ದಾಸೋಹದಲ್ಲಿ ಎಲ್ಲರ ಜೊತೆ ಪಂಕ್ತಿಯಲ್ಲಿ ಕೂತು ಉಣ್ಣುವ ಮನುಷ್ಯ ಅವರು. ನೀನು ಕಣ್ಣಿಗೆ ಬಣ್ಣದ ಕನ್ನಡಕ ಹಾಕಿಕೊಂಡೇ ಬಂದಿದ್ದೆ, ಕಂಡದ್ದೆಲ್ಲ ಅದೇ ಬಣ್ಣ.

ಅಪ್‌ಡೇಟ್ ಯಾಕೆ ಆಗಿರಲಿಲ್ಲ ಎಂಬುದೂ ಈಗ ತಿಳಿಯಿತು. ಕಂಪ್ಯೂಟರ್ ಕೂರಿಸಿದವನು, ಕೆಲಸಕ್ಕೆ ಅಡ್ಡಿಯಾಗದಿರಲಿ ಎಂದು ರಜೆಯ ದಿನವಾದ ಸೋಮವಾರ ಮಧ್ಯಾಹ್ನ ಅದು ತಾನಾಗಿ ಆಗುವ ಹಾಗೆ ಇಟ್ಟಿದ್ದನಂತೆ. ನಾವು ಸೋಮವಾರ ಕರೆಂಟೇ ಕೊಡುತ್ತಿರಲಿಲ್ಲ. ಉಳಿದ ದಿನ ಕೇಳಿದಾಗೆಲ್ಲ ಮಾವನವರು “ಆಮೇಲೆ” ಎಂಬುದನ್ನು ಒತ್ತುತ್ತಿದ್ದರು.

ಇನ್ನೊಂದು ವಿಷಯ ಹೇಳಲೇಬೇಕು. ಮೊದಲ ಕಾಗದದಲ್ಲಿ ಯಾರೂ ಏನೂ ಮಾಡಿಲ್ಲ ಎಂದು ಬರೆದಿದ್ದೆ. ಅದು ಪೂರ್ತಿ ನಿಜವಲ್ಲ. ಪರದೆ ಕೆಂಪಾದ ದಿನವೇ ಮಾವನವರು ಆ ನಂಬರಿಗೆ ಫೋನ್ ಮಾಡಿಸಿದರು. ನೀನು ಬೈಯುತ್ತೀಯ ಎಂದು ಬರೆಯಲಿಲ್ಲ. ಆ ಮನುಷ್ಯ ಕಂಪನಿಯವನು ಎಂದ. ಹಿಂದಿ, ಇಂಗ್ಲಿಷ್ ಎರಡೂ ಬೆರೆಸಿ ಮಾತಾಡಿದ, ಶರತ್ ಅರ್ಥ ಹೇಳಿದರು. ಯಾವುದೋ ಪ್ರೋಗ್ರಾಂ ಹಾಕಿಕೊಳ್ಳಿ ಎಂದ, ಹಾಕಿಕೊಂಡೆವು. ಆಮೇಲೆ ಬಾಣದ ಗುರುತು ತಾನೇ ಓಡಾಡತೊಡಗಿತು. “ಏನ್ ಮರ್ಯಾದೆ ನೋಡಮ್ಮ ಆ ಹುಡುಗಂದು, ಮಾತಿಗೊಂದ್ ಸಲ ಸಾರ್ ಅಂತಾನೆ” ಎಂದು ಮಾವನವರಿಗೆ ಖುಷಿಯೋ ಖುಷಿ. ಇನ್ನೂ ಸ್ವಲ್ಪ ವೈರಸ್ ಉಳಿದಿದೆ ಎಂದು ಅವನು ಹದಿನಾರನೇ ತಾರೀಖು ಮತ್ತೆ ಫೋನ್ ಮಾಡಿ ಮಧ್ಯಾಹ್ನದವರೆಗೂ ಕೆಲಸ ಮಾಡಿದ. ಅದಾದ ಮೇಲೆ ಹಾಕಿದ ಕೂಡಲೇ ಯಾವುದೋ ಪಾಸ್‌ವರ್ಡ್ ಕೇಳುತ್ತಿದೆ, ನಮ್ಮದು ಹಾಕಿದರೆ ತಪ್ಪು ಎನ್ನುತ್ತದೆ. ಅವನ ಫೋನ್ ಸ್ವಿಚ್ ಆಫ್.

ಈಗ ಮಾವನವರಿಗೆ ಅಪ್‌ಡೇಟ್ ಎಂದರೂ ಭಯ. “ಎಲ್ಲಾ ಒಂದೇ ಕುಲದೋವು, ಒತ್ತಬ್ಯಾಡ” ಎನ್ನುತ್ತಾರೆ. ನೀನು ಒಂದು ಸಲ ಬಂದು ನೋಡಿದರೆ ಸರಿಹೋಗುತ್ತದೆ. ಸ್ನೇಹಕ್ಕಾಗಿ ಬಾ. ಹಳೆಯದನ್ನು ಎಷ್ಟು ದಿನ ಜಗಿಯುತ್ತೀಯ?

ಹೇಮಾ

*

ಬೇಲೂರು
25 ಜೂನ್ 2025

ಹೇಮಲತಾ,

ಇದನ್ನು ಓದಿದ ಗಳಿಗೆಯಲ್ಲೇ ಮಾಡು. ಇಂಟರ್ನೆಟ್ ವೈರ್ ಕಿತ್ತು ಹಾಕು. ಬ್ಯಾಂಕಿಗೆ ನೀನೇ ಹೋಗಿ ಹೇಳು. ಆ ಕಂಪ್ಯೂಟರಿನಲ್ಲಿ ಯಾವ್ಯಾವುದಕ್ಕೆ ಪಾಸ್‌ವರ್ಡ್ ಹಾಕಿದ್ದಿರೋ ಅಷ್ಟನ್ನೂ ಬೇರೆ ಫೋನಿನಿಂದ ಬದಲಾಯಿಸು. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಡು. ಮರ್ಯಾದೆ ಹೋಗುತ್ತದೆ ಎಂದು ಮಾವನವರು ತಡೆದರೆ, ಅದು ಸಾರ್ ಎಂದವನ ಜೊತೆ ಆಗಲೇ ಹೋಯಿತು ಎಂದು ಹೇಳು.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದ ಹಾಗಾಯಿತು ನಿಮ್ಮದು. ನನಗೆ ಸುಳ್ಳು ಬರೆದು ನನ್ನಿಂದಲೇ ನಿಜ ಸುಳ್ಳಿನ ತೀರ್ಮಾನ ಕೇಳಿದೆ. ಮೊದಲ ಕಾಗದದಲ್ಲೇ ಹೇಳಿದ್ದರೆ, ನನ್ನ ಸಿಟ್ಟು ಮನೆ ಹಾಳಾಗಲಿ ಎಂದು ಬಸ್ಸು ಹಿಡಿದು ಬಂದು ಆ ಪ್ರೋಗ್ರಾಂ ಕಿತ್ತೆಸೆಯುತ್ತಿದ್ದೆ. ಆಗ ಪಾಸ್‌ವರ್ಡ್ ಬದಲಾಗಿರಲಿಲ್ಲ. ನಾನು ಬೈಯುತ್ತೇನೆ ಎಂದು ಹೆದರಿದೆಯಂತೆ. ನನ್ನ ಬೈಗುಳಕ್ಕಿಂತ ಕಳ್ಳನ ಮರ್ಯಾದೆ ಹಿತವಾಗಿತ್ತು ಅನ್ನು.

ನಿನ್ನ ಸೋಮವಾರದ ಕಥೆಯನ್ನು ಸ್ಟಾಫ್ ರೂಮಿನಲ್ಲಿ ಕೂತು ಓದಿದೆ. ಎತ್ತಿನ ಮೈ ತೊಳೆಯುವುದನ್ನೆಲ್ಲ ಚೆನ್ನಾಗಿ ಬರೆದಿದ್ದೀಯ. ಒಂದು ಗಳಿಗೆ, ನಾನೇ ತಪ್ಪು ತಿಳಿದೆನೇನೋ ಅನ್ನಿಸಿತು. ನಿಜ ಹೇಳುತ್ತೇನೆ, ಹಾಗೆ ಅನ್ನಿಸಿದಾಗ ಮನಸ್ಸಿಗೆ ಎಷ್ಟೋ ಹಗುರವಾಯಿತು. ನಾನೇ ತಪ್ಪು ಎಂದಾದರೆ ಸಾಕಿತ್ತು ನನಗೆ, ನಿನಗೆ ಕ್ಷಮೆ ಕೇಳಿ ಎರಡು ಸಾಲು ಬರೆದು ಮುಗಿಸುತ್ತಿದ್ದೆ.

ಆಮೇಲೆ ಹದಿನಾರನೇ ತಾರೀಖಿಗೆ ಬಂದೆ. ಎದುರು ಗೋಡೆಯ ಮೇಲೆ ಕ್ಯಾಲೆಂಡರ್ ಇತ್ತು.

ಹದಿನಾರು ಸೋಮವಾರ ಹೇಮಾ.

ಎಲ್ಲಿಯವನೋ ಏನೋ, ಮುಖ ಗೊತ್ತಿಲ್ಲ, ಊರು ಗೊತ್ತಿಲ್ಲ, ಹೆಸರೂ ನಿಜದ್ದಲ್ಲ. ಅವನಿಗಾಗಿ ಸೋಮವಾರ ಮೈನ್ ಸ್ವಿಚ್ ಹಾಕಿದಿರಿ. ಮಧ್ಯಾಹ್ನದವರೆಗೂ ಅವನ ಕೈ ನಿಮ್ಮ ಯಂತ್ರದೊಳಗೆಲ್ಲ ಓಡಾಡಿತು, ನಿಮ್ಮ ಮಾವನವರು ಪಕ್ಕದಲ್ಲಿ ನಿಂತು ಖುಷಿಪಟ್ಟರು. ಉಸಿರಾಡಬೇಕಾಗಿದ್ದ ಬಸವಣ್ಣನಿಗೆ ಆ ದಿನ ಏನಾಗಿತ್ತು? ನಾನು ಮೌಸಿಗೆ ಬೆರಳು ತಾಗಿಸಿದ್ದು ಎಷ್ಟು ಹೊತ್ತು?

ಇದಕ್ಕೆ ನೀನು ಉತ್ತರ ಕೊಡಬೇಡ. ನಿನ್ನ ಉತ್ತರ ನನಗೆ ಗೊತ್ತು, ನೀನು ಎಲ್ಲರನ್ನೂ ಒಳ್ಳೆಯವರನ್ನಾಗಿ ಮಾಡಿಬಿಡುತ್ತೀಯ. ಮಾವನವರನ್ನೇ ಕೇಳು. ಕೇಳುವ ಧೈರ್ಯ ಇಲ್ಲದಿದ್ದರೆ ಮತ್ತೆ ಬರೆಯಬೇಡ.

ರಮಾ

*

ಅರಸೀಕೆರೆ
18 ಜುಲೈ 2025

ರಮಾ,

ಇಷ್ಟು ದಿನ ಯಾಕೆ ಬರೆಯಲಿಲ್ಲ ಎಂದರೆ, ಕೇಳಿರಲಿಲ್ಲ. ಬ್ಯಾಂಕಿಗೆ ಹೋದೆ, ದೂರು ಕೊಟ್ಟೆ, ಪಾಸ್‌ವರ್ಡ್ ಎಲ್ಲ ಬದಲಾಯಿಸಿದೆ. ನೀನು ಹೇಳಿದ ಎಲ್ಲವನ್ನೂ ಮಾಡಿದೆ, ಆ ಒಂದನ್ನು ಬಿಟ್ಟು. ಊಟಕ್ಕೆ ಬಡಿಸುವಾಗ ಬಾಯಿಗೆ ಬರುತ್ತಿತ್ತು, “ಇನ್ನೊಂದ್ ಚೂರು ಸಾರು ಹಾಕ್ಲಾ ಮಾವ” ಎಂದು ಮುಗಿಯುತ್ತಿತ್ತು.

ಮೊನ್ನೆ ಕೇಳಿದೆ. ಕೇಳುವ ಹಾಗೆ ಅವರೇ ಮಾಡಿದರು. ಇಲ್ಲಿನ ರಿಪೇರಿಯವನು ಬಂದು ನೋಡಿ, ಒಳಗಿರುವುದನ್ನೆಲ್ಲ ಅಳಿಸಿ ಹೊಸದಾಗಿ ಹಾಕುವುದೊಂದೇ ದಾರಿ, ಏನೂ ಉಳಿಯುವುದಿಲ್ಲ ಎಂದ. ಅವನು ಹೋದ ಮೇಲೆ ಊಟಕ್ಕೆ ಕೂತಾಗ ಮಾವನವರು, “ನಿನ್ನ ಆ ಬೇಲೂರು ಸ್ನೇಹಿತೆ ಇದಾಳಲ್ಲ, ಕಲ್ತೋಳು, ಕರೆಸು. ಯಾವ ವಾರ ಆದ್ರೂ ಬರ್ಲಿ, ಸೋಮವಾರ ಆದ್ರೂ ಪರವಾಗಿಲ್ಲ. ಬೇಕಾದ್ರೆ ಕಾರ್ ಕಳಿಸೋಣ” ಅಂದರು.

ಆಗ ಕೇಳಿದೆ. “ಮಾವ, ಅವತ್ತು ಸೋಮವಾರ ಅಂತ ತಾನೆ ಅವಳನ್ನ ಎಬ್ಬಿಸಿದ್ದು? ಹದಿನಾರನೇ ತಾರೀಖೂ ಸೋಮವಾರವೇ ಅಲ್ವಾ?”

“ಅವನು ಕಂಪ್ನಿಯೋನು ಕಣಮ್ಮ. ಕಂಪ್ನಿಯೋರಿಗೆ ಸೋಮವಾರ ಎಲ್ಲೈತೆ?” ಎಂದರು. ಆ ಮಾತು ತಮಾಷೆಯಾಗಿತ್ತು ಎನ್ನುವ ಹಾಗೆ ನಕ್ಕರು ಕೂಡ.

“ರಮಾಗೆ ಮಾತ್ರ ಐತಾ ಹಂಗಾದ್ರೆ?” ಎಂದೆ. ನನಗೆ ಅರಿವಿಲ್ಲದೆ ನನ್ನ ದನಿ ಏರಿತ್ತು.

ಅವರು ಹೆಗಲ ಮೇಲಿನ ಟವೆಲ್ ಕೊಡವಿ ಇನ್ನೊಂದು ಹೆಗಲಿಗೆ ಹಾಕಿಕೊಂಡರು. “ಅದು ಬ್ಯಾರೆ” ಎಂದರು. ಎದ್ದು ಕೈ ತೊಳೆಯಲು ಹೋದರು.

ಅಷ್ಟೇ ರಮಾ. ಜಗಳವಿಲ್ಲ, ಕೂಗಾಟವಿಲ್ಲ. ಈ “ಅದು ಬ್ಯಾರೆ” ಎಂಬುದನ್ನು ಮದುವೆಯಾಗಿ ಬಂದಂದಿನಿಂದ ಎಷ್ಟು ಸಲ ಕೇಳಿದ್ದೇನೋ! ಗೃಹಪ್ರವೇಶಕ್ಕೆ ಯಾರನ್ನು ಕರೆಯಬೇಕು ಎಂದಾಗ, ಮನೆ ಬಾಡಿಗೆಗೆ ಕೊಡುವಾಗ, ಆಳಿಗೆ ಯಾವ ಲೋಟದಲ್ಲಿ ಟೀ ಎಂದಾಗ. ಪ್ರತಿ ಸಲವೂ ಏನೋ ವ್ಯವಹಾರದ ಮಾತು ಎಂದುಕೊಂಡು ಮುಂದೆ ಹೋದೆ. ಶರತ್ ಕಡೆ ನೋಡಿದೆ. “ಹಳೇ ಕಾಲದೋರು ಬಿಡೇ, ನೋಡೋಣ” ಎಂದರು. ಹಾವು ಸಾಯಬಾರದು, ಕೋಲು ಮುರಿಯಬಾರದು, ಅದು ಅವರ ಇಡೀ ಜೀವನ. ಹಳೇ ಕಾಲದವರು ಮೌಸ್ ಹಿಡಿಯುತ್ತಾರಾ? ಆ ಪ್ರೋಗ್ರಾಂ ಹಾಕಿಸಿದ್ದು ಹಳೇ ಕಾಲದವರಾ? ನನಗೆ ಮೈಯೆಲ್ಲ ಉರಿಯುತ್ತಿದೆ.

ನೀನು ಬರೆದದ್ದೇ ಸರಿ. “ನೀನ್ ಮುಟ್ಬ್ಯಾಡ” ಎಂದೇ ಅಂದರು ಅವರು. ಸೋಮವಾರ ಆಮೇಲೆ ಬಂತು. ನೀನು ಹೋದ ಮೇಲೆ ನೀನು ಕೂತ ಕುರ್ಚಿಯನ್ನು ಅಂಗಳಕ್ಕೆ ತಂದು ನೀರು ಸುರಿದು ಬಿಸಿಲಿಗೆ ಇಟ್ಟರು. ತಿಗಣೆ ಆಗಿದೆ ಎಂದರು. ಪ್ಲಾಸ್ಟಿಕ್ ಕುರ್ಚಿಗೆ ತಿಗಣೆ! ಅದನ್ನೂ ನಂಬಿದೆ ನೋಡು ನಾನು. ನಂಬಿದರೆ ಅನುಕೂಲ ಅಂತ ನಂಬಿದೆ. ನಿನಗೆ ನಗುವ ಮುಖ ಕಳಿಸಿದಾಗ ಆ ಕುರ್ಚಿ ಇನ್ನೂ ಒಣಗಿರಲಿಲ್ಲ.

ಇದನ್ನೆಲ್ಲ ಬರೆದ ಮೇಲೆ ಬಾ ಎನ್ನಲು ನಾಲಿಗೆ ಏಳುವುದಿಲ್ಲ. ಆದರೆ ಬೆಳೆಗಾರರ ಹೆಸರುಗಳು ಹೋಗುತ್ತವೆ, ಅವರು ಏನು ಪಾಪ ಮಾಡಿದ್ದಾರೆ? ಮಾವನವರೇ ಕರೆಯುತ್ತಿದ್ದಾರೆ. ಬಂದರೆ ನಿನ್ನನ್ನು ಆ ಕುರ್ಚಿಯ ಮೇಲೇ ಕೂರಿಸುತ್ತೇನೆ. ಅವರು ನೋಡಲಿ.

ಹೇಮಾ

*

ಬೇಲೂರು
22 ಜುಲೈ 2025

ಹೇಮಾ,

ಕೇಳಿದೆಯಲ್ಲ. ಅದಕ್ಕೆ ಇದನ್ನು ಬರೆಯುತ್ತಿದ್ದೇನೆ.

ಕುರ್ಚಿಯ ವಿಷಯ ಓದಿ ಕಾಗದ ಕೆಳಗಿಟ್ಟು ಕ್ಲಾಸಿಗೆ ಹೋದೆ. ಪಾಠ ಮಾಡಿದೆ. ಏನು ಮಾಡಿದೆನೋ ನೆನಪಿಲ್ಲ.

ನಾನು ಬರುವುದಿಲ್ಲ. ಬಂದರೂ ಆ ಹೆಸರುಗಳನ್ನು ತೆಗೆದುಕೊಡಲು ನನ್ನಿಂದ ಆಗುವುದಿಲ್ಲ, ಯಾರಿಂದಲೂ ಆಗುವುದಿಲ್ಲ. ರಿಪೇರಿಯವನು ಹೇಳಿದ್ದು ಸರಿ, ಅಳಿಸಿ ಹೊಸದಾಗಿ ಹಾಕಿಸು. ಆಮೇಲಿನದಕ್ಕೆ ನಾನು ಯಾಕೆ? ನೀನೂ ನನ್ನ ಜೊತೆ ಕೂತು ಅದೇ ಬಿ.ಎಸ್ಸಿ. ಓದಿದವಳು. ಸೆಟ್ಟಿಂಗ್ಸಿಗೆ ಹೋಗು, ಅಪ್‌ಡೇಟ್ ಒತ್ತು, ಮುಗಿಯುವವರೆಗೆ ಆರಿಸಬೇಡ. ಮತ್ತೆ ಶುರು ಮಾಡಲೇ ಎಂದು ಕೇಳಿದರೆ ಹೂಂ ಅನ್ನು. ಇನ್ನು ಮುಂದೆ ಆಮೇಲೆ ಎಂಬುದನ್ನು ಒತ್ತಬೇಡ. ದಿನಾ ಲೆಕ್ಕವನ್ನು ಬೇರೊಂದು ಡ್ರೈವಿನಲ್ಲಿ ಉಳಿಸಿಡು. ಕಳೆದ ಹೆಸರುಗಳನ್ನು ಬೆಳೆಗಾರರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿ ಬರೆದುಕೊಳ್ಳಬೇಕು. ನಿಮ್ಮ ಮಾವನವರೇ ಮಾಡಲಿ, ಸಾರ್ ಎನ್ನುವುದನ್ನು ಅವರೂ ಕಲಿಯಲಿ.

ಬರುವುದಿಲ್ಲ ಎಂದದ್ದಕ್ಕೆ ಕಾರಣ ಅದಲ್ಲ. “ಯಾವ ವಾರ ಆದ್ರೂ ಬರ್ಲಿ, ಸೋಮವಾರ ಆದ್ರೂ ಪರವಾಗಿಲ್ಲ” ಎಂದರಂತಲ್ಲ. ಆ ಮಾತು ನನಗೆ ಗೊತ್ತು ಹೇಮಾ. ನಮ್ಮಜ್ಜ ಜವರಪ್ಪ ಹುಲಿಕೆರೆಯಲ್ಲಿ ಬದುಕಿದ್ದವನು. ಅಲ್ಲಿಯೂ ದೊಡ್ಡವರ ಮನೆಗಳಲ್ಲಿ ಸೋಮವಾರ ಎತ್ತು ಹೂಡುತ್ತಿರಲಿಲ್ಲ, ನೀನು ಬರೆದ ಹಾಗೇ ಮೈ ತೊಳೆಯುತ್ತಿದ್ದರು. ಆ ಕೊಟ್ಟಿಗೆಯ ಹತ್ತಿರ ನಮ್ಮಜ್ಜ ಸುಳಿಯುವಂತಿರಲಿಲ್ಲ. ಎತ್ತು ಸತ್ತಾಗ ಮಾತ್ರ ಆಳು ಓಡಿ ಬರುತ್ತಿದ್ದ, “ಜವರಾ, ಬಾರ್ಲಾ ಬಿರ್ನೆ, ಎತ್ತು ಸತ್ತೈತೆ, ಎಳೀಬೇಕು” ಎಂದು. ಬದುಕಿರುವ ಎತ್ತಿಗೆ ಸೋಮವಾರ ರಜೆ. ಸತ್ತ ಎತ್ತನ್ನು ಎಳೆಯುವವನಿಗೆ ಯಾವ ವಾರವೂ ಇರಲಿಲ್ಲ. ಅಜ್ಜ ಉಣ್ಣುತ್ತಿದ್ದ ತಟ್ಟೆ ಬಿಟ್ಟು ಎದ್ದು ಹೋಗುತ್ತಿದ್ದನಂತೆ. ಅಪ್ಪ ಅದನ್ನು ಹೇಳುವಾಗೆಲ್ಲ ಹಲ್ಲು ಕಚ್ಚುತ್ತಿದ್ದರು. ಆ ಕೂಗಿಗೆ ಇನ್ನು ನಮ್ಮ ಮನೆಯಿಂದ ಯಾರೂ ಏಳಬಾರದು ಎಂದೇ ಅವರು ನಮ್ಮನ್ನು ಓದಿಸಿದ್ದು. ಈಗ ನಿಮ್ಮ ಮಿಷನ್ ಸತ್ತಿದೆ. ಕಾರ್ ಕಳಿಸುತ್ತಾರಂತೆ. ನಾನು ಏಳುವುದಿಲ್ಲ.

ನೀನು ನನ್ನನ್ನು ಆ ಕುರ್ಚಿಯ ಮೇಲೇ ಕೂರಿಸುವುದೂ ಬೇಡ. ನಾನೇನು ನಿಮ್ಮ ಮಾವನವರಿಗೆ ಕೊಡುವ ಶಿಕ್ಷೆಯಾ?

ಇನ್ನೊಂದು ಹೇಳಿಬಿಡುತ್ತೇನೆ, ಎಷ್ಟೋ ವರ್ಷದಿಂದ ಗಂಟಲಲ್ಲಿದೆ. ನಿನ್ನ ಮದುವೆಗೆ ಬಂದೆ, ಮಗಳು ಹುಟ್ಟಿದಾಗ ಬಂದೆ, ಬಾಣಾವರಕ್ಕೆ ಬಂದಾಗೆಲ್ಲ ನಿನ್ನಲ್ಲಿಗೆ ಬಂದೆ. ನೀನು ಅತ್ತೆ ಮನೆಯವರ ಜೊತೆ ಬೇಲೂರಿಗೆ ದೇವಸ್ಥಾನ ನೋಡಲು ಬಂದಾಗೆಲ್ಲ ನನಗೆ ಫೋನ್ ಮಾಡುತ್ತೀಯ, “ಗೋಪುರದ ಹತ್ರ ಬಾರೇ” ಎಂದು. ನಾನು ಬರುತ್ತೇನೆ. ಐಸ್‌ಕ್ರೀಂ ತಿನ್ನುತ್ತೇವೆ, ಫೋಟೋ ತೆಗೆಯುತ್ತೇವೆ, ನೀವು ಕಾರು ಹತ್ತುತ್ತೀರಿ. ನಮ್ಮ ಮನೆ ಅಲ್ಲಿಂದ ಎಷ್ಟು ದೂರ ಗೊತ್ತಾ? ಅಮ್ಮ ಪ್ರತಿ ಸಲವೂ ಅಕ್ಕಿ ಹೆಚ್ಚಿಗೆ ಹಾಕಿ ಕಾಯುತ್ತಾಳೆ. ನಾನು ಒಬ್ಬಳೇ ವಾಪಸ್ ಬಂದು, ಅವರಿಗೆ ಅವಸರ ಇತ್ತು ಕಣಮ್ಮ ಎಂದು ಸುಳ್ಳು ಹೇಳುತ್ತೇನೆ. ನಿನ್ನ ಪರವಾಗಿ ನಾನು ಹೇಳಿದ ಸುಳ್ಳುಗಳು ಬಹಳ.

ಇನ್ನು ಹೇಳುವುದಿಲ್ಲ. ಸ್ನೇಹ ಬೇಕಿದ್ದರೆ ಈ ಸಲ ನೀನು ಬಾ, ನಮ್ಮ ಮನೆಗೆ, ಊಟಕ್ಕೆ. ದೇವಸ್ಥಾನದ ನೆಪ ಹಾಕಿ ಬರಬೇಡ. ಮಾವನವರನ್ನು ಕೇಳಿಯೂ ಬರಬೇಡ. ಎಲ್ಲಿಗೆ, ಯಾರ ಮನೆಗೆ, ಏತಕ್ಕೆ ಎಂದು ಹೇಳಿ ಬಾ. ಆಗದಿದ್ದರೆ ಅದನ್ನಾದರೂ ನೇರವಾಗಿ ಬರೆ, ನಾನು ಅಮ್ಮನಿಗೆ ನಿಜ ಹೇಳಿ ಮುಗಿಸುತ್ತೇನೆ.

ರಮಾ

*

ಅರಸೀಕೆರೆ
26 ಜುಲೈ 2025, ಶನಿವಾರ

ರಮಾ,

ನಿನ್ನ ಕಾಗದ ಗುರುವಾರ ಬಂತು. ಅಮ್ಮ ಅಕ್ಕಿ ಹೆಚ್ಚಿಗೆ ಹಾಕುತ್ತಿದ್ದರು ಎಂಬಲ್ಲಿಗೆ ಬಂದು ಮುಂದೆ ಓದಲಾಗದೆ ಅಡುಗೆಮನೆಗೆ ಹೋಗಿ ನಿಂತೆ. ನನ್ನ ಮೇಲೆ ನನಗೇ ಬಂದ ಸಿಟ್ಟನ್ನು ಬರೆಯಲು ಬರುವುದಿಲ್ಲ. ನಮ್ಮ ಮನೆಯವರನ್ನು ದೂರಿ ಎರಡು ಹಾಳೆ ಬರೆದೆನಲ್ಲ, ಅದು ಎಷ್ಟು ಸುಲಭವಾಗಿತ್ತು!

ಕಂಪ್ಯೂಟರನ್ನು ಅಳಿಸಿ ಹೊಸದಾಗಿ ಹಾಕಿಸಿದ್ದಾಯಿತು. ಅಪ್‌ಡೇಟನ್ನು ನಾನೇ ಕೂತು ಒತ್ತಿದೆ. ಯಾರನ್ನೂ ಕೇಳಲಿಲ್ಲ. ಹೆಸರುಗಳೆಲ್ಲ ಹೋದವು, ಒಂದೊಂದೇ ಕೇಳಿ ಬರೆದುಕೊಳ್ಳುತ್ತಿದ್ದೇನೆ.

ನಿನ್ನೆ ಟೆಂಡರ್ ದಿನ. ಮಂಡಿ ತುಂಬ ಜನ. ಬೆಳೆಗಾರರು, ತೂಕದವರು, ಎದುರು ಅಂಗಡಿಯವರು, ಮಠದ ಕಡೆಯ ಇಬ್ಬರು ಹಿರಿಯರು ಕೂಡ ಕೂತಿದ್ದರು. ಮಾವನವರು ಎಲ್ಲರಿಗೂ ಕಾಫಿ ಹೇಳಿದ್ದರು. ಒಳಗೆ ಮನೆಯಲ್ಲಿ ಹೇಳೋಣ, ರಾತ್ರಿ ಹೇಳೋಣ ಎಂದೆಲ್ಲ ಮನಸ್ಸು ಜಾರುತ್ತಿತ್ತು. ಒಳಗೆ ಹೇಳಿದರೆ ಒಳಗೇ ಮುಚ್ಚಿಹೋಗುತ್ತದೆ ಎಂದು ಗೊತ್ತಿತ್ತು. ಕಾಫಿ ತಟ್ಟೆ ಅವರ ಮುಂದಿಟ್ಟು ಅಲ್ಲೇ ನಿಂತೆ.

“ಮಾವ, ಮುಂದಿನ ಭಾನುವಾರ ಬೇಲೂರಿಗೆ ಹೋಗ್ತೀನಿ” ಎಂದೆ.

“ಹೋಗಿದ್ ಬಾರಮ್ಮ. ದೇವಸ್ಥಾನಕ್ಕಾ?”

“ಅಲ್ಲ. ರಮಾ ಮನೆಗೆ. ಹುಲಿಕೆರೆ ಜವರಪ್ಪನವರ ಮೊಮ್ಮಗಳು. ಅವರಮ್ಮ ಊಟಕ್ಕೆ ಕಾಯ್ತಿದಾರೆ. ಉಂಡು ಸಂಜೆಗೆ ಬತ್ತೀನಿ.”

ತೂಕದವನು ತಕ್ಕಡಿ ಹಿಡಿದುಕೊಂಡೇ ನಿಂತ. ಹಿರಿಯರೊಬ್ಬರು ಲೋಟ ನೋಡಿಕೊಂಡರು. ಮಾವನವರು ಯಾರ ಮುಖವನ್ನೂ ನೋಡದೆ ಕೊಬ್ಬರಿ ಚೀಲದ ಬಾಯಿ ಬಿಗಿದರು, ಬಿಗಿದದ್ದನ್ನೇ ಮತ್ತೆ ಬಿಗಿದರು. ಜನ ಎಲ್ಲ ಹೋದ ಮೇಲೆ ನನ್ನನ್ನು ಕರೆದರು. ಅವರ ದನಿಯಲ್ಲಿ ಸಿಟ್ಟಿಗಿಂತ ಸೋಜಿಗ ಇತ್ತು.

“ಹೋಗೋದಾದ್ರೆ ಸುಮ್ನೆ ಹೋಗಿ ಬರ್ಬಾರ್ದಾ ತಾಯಿ? ನಾನೇನ್ ಬ್ಯಾಡ ಅಂತಿದ್ನಾ? ಇಷ್ಟ್ ಜನದ ಮುಂದೆ ಹೇಳ್ಬೇಕಿತ್ತಾ?”

“ಅದಕ್ಕೇ ಹೇಳಿದ್ದು ಮಾವ” ಎಂದೆ.

ಅವರು ಮತ್ತೆ ಮಾತಾಡಿಲ್ಲ. ಇವತ್ತು ಬೆಳಿಗ್ಗೆ ತಿಂಡಿಗೂ ನನ್ನ ಕೈಯಿಂದ ಬಡಿಸಿಕೊಳ್ಳಲಿಲ್ಲ, ತಾವೇ ಹಾಕಿಕೊಂಡರು. ವಾಪಸ್ ಬಂದ ಮೇಲೆ ಈ ಮನೆಯಲ್ಲಿ ಏನೇನು ಕಾದಿದೆಯೋ ಗೊತ್ತಿಲ್ಲ, ನನ್ನ ಕುರ್ಚಿಯೂ ಬಿಸಿಲಿಗೆ ಹೋಗಬಹುದು. ಶರತ್, “ನಾನೂ ಬರ್ಲಾ?” ಎಂದರು. ಹಿಂದೆಯೇ, “ಅಪ್ಪ ಏನಂತಾರೋ ನೋಡೋಣ” ಎಂದರು. ನೀವು ನೋಡ್ತಾ ಇರಿ, ನಾನು ಹೋಗ್ತೀನಿ ಎಂದೆ. ಮಗಳನ್ನು ಕರೆದುಕೊಂಡು ಬರುತ್ತೇನೆ.

ನೀನು ಕ್ಷಮಿಸು ಎಂದು ಕೇಳುವುದಿಲ್ಲ. ಬಂದಾಗ ಬೈಯಬೇಕಾದಷ್ಟು ಎದುರಿಗೇ ಬೈದುಬಿಡು, ಕಾಗದದಲ್ಲಿ ನಿನ್ನ ಬೈಗುಳಕ್ಕೆ ಜಾಗ ಸಾಲುವುದಿಲ್ಲ.

ಭಾನುವಾರ, ಆಗಸ್ಟ್ ಮೂರು. ಬೆಳಗಿನ ಬಸ್ಸಿಗೆ ಹೊರಟು ಹಳೇಬೀಡಿನ ಮೇಲೆ ಬರುತ್ತೇವೆ, ಹನ್ನೊಂದರ ಹೊತ್ತಿಗೆ ಬೇಲೂರು ಸ್ಟ್ಯಾಂಡಿನಲ್ಲಿರುತ್ತೇವೆ. ನೀನೇ ಬಂದು ಕರೆದುಕೊಂಡು ಹೋಗಬೇಕು ಕಣೇ. ನಿನ್ನ ಮನೆಗೆ ದಾರಿ ಯಾವುದು ಎಂದು ನನಗೆ ಗೊತ್ತಿಲ್ಲ.

ಹೇಮಾ